ಕರೆದದ್ದು ನಮ್ಮ ಸೀನಿಯರ್ರೇ ಅಲ್ವಾ: ಒಂದು ತರಗತಿಯ ಪ್ರಕರಣ ಅಧ್ಯಯನ

ಪದವಿಯ ಕೊನೆಯ ವರ್ಷದ ತರಗತಿಯೊಂದರಲ್ಲಿ ಹಿಂಸೆ ಮತ್ತು ಮಾನವ ಕಳ್ಳಸಾಗಣೆ ತಡೆಯುವ ಬಗ್ಗೆ ಪಾಠ ನಡೆಯುತ್ತಿತ್ತು. ಅದೇ ಹೊತ್ತಿಗೆ ಆ ತರಗತಿಯ ಒಬ್ಬ ಹುಡುಗನಿಗೆ ವಿದೇಶದಿಂದ ಕೆಲಸದ ಆಫರ್ ಬಂದಿತ್ತು. ಅವನು ಪಾಠವನ್ನೂ ಕೇಳುತ್ತಿದ್ದ, ಹೊರಡುವ ತಯಾರಿಯನ್ನೂ ಮಾಡುತ್ತಿದ್ದ. ಎರಡಕ್ಕೂ ಏನಾದರೂ ಸಂಬಂಧ ಇರಬಹುದು ಎಂದು ಅವನಿಗೆ ಅನ್ನಿಸಲೇ ಇಲ್ಲ. ಯಾಕೆ ಅನ್ನಿಸಲಿಲ್ಲ, ಆಮೇಲೆ ಹೇಗೆ ಅನ್ನಿಸಿತು ಎನ್ನುವುದೇ ಈ ಪ್ರಕರಣ.

ಪಾಠ ರೂಪಿಸಿದ ತಂಡದಲ್ಲಿ ನಾನೂ ಇದ್ದೆ. ಹೆಸರು, ಊರು, ಕಾಲೇಜು ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಬರುವವರು ಮುಖ್ಯವಾಗಿ ನಾಲ್ಕು ಜನ: ಹುಡುಗ, ಅವನ ಗೆಳತಿ, ಸೀನಿಯರ್ ಮತ್ತು ಪಾಠ ಮಾಡುತ್ತಿದ್ದ ಮೇಡಂ.

ಹಳೆಯ ಪಾಠ

ಆ ಕಾಲೇಜಿನಲ್ಲಿ ಮೊದಲೂ ಜಾಗೃತಿ ಕಾರ್ಯಕ್ರಮ ಇತ್ತು. ವರ್ಷಕ್ಕೊಮ್ಮೆ, ಜುಲೈ 30ರ ಆಸುಪಾಸಿನಲ್ಲಿ. ಆ ದಿನ ಮಾನವ ಕಳ್ಳಸಾಗಣೆ ವಿರುದ್ಧದ ವಿಶ್ವ ದಿನ. 2013ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ್ದು. ಸಭಾಂಗಣದಲ್ಲಿ ಒಂದು ಭಾಷಣ, ಕೆಲವು ಸ್ಲೈಡು, ಎಲ್ಲರೂ ಎದ್ದು ನಿಂತು ಪ್ರತಿಜ್ಞೆ, ಕೊನೆಗೆ ಗ್ರೂಪ್ ಫೋಟೋ. ಸ್ಲೈಡುಗಳಲ್ಲಿ ಕೈ ಕಟ್ಟಿಹಾಕಿದ ಹುಡುಗಿ, ಬಾಯಿಗೆ ಟೇಪು, ಕತ್ತಲ ಕೋಣೆ, ಮುಖ ಕಾಣದ ಗಂಡಸಿನ ನೆರಳು.

ಇಂಥ ಚಿತ್ರಗಳಿಂದ ಆಗುವ ತೊಂದರೆ ಸಣ್ಣದಲ್ಲ. ನೋಡುವವರ ತಲೆಯಲ್ಲಿ ಕಳ್ಳಸಾಗಣೆ ಅಂದರೆ ಅಪಹರಣ, ಮಾಡುವವನು ಅಪರಿಚಿತ, ಸಿಕ್ಕಿಬೀಳುವವಳು ಹುಡುಗಿ ಎಂದು ಅಚ್ಚೊತ್ತಿಬಿಡುತ್ತದೆ. ಹೊಸ ಪಾಠದ ಮೊದಲ ದಿನ ಹಿಂದಿನ ಬೆಂಚಿನಿಂದ ಬಂದ ಮೊದಲ ಪ್ರಶ್ನೆಯೇ ಇದು: "ಮೇಡಂ, ಇದು ಹುಡುಗೀರಿಗೆ ಅಲ್ವಾ? ನಾವ್ಯಾಕೆ ಕೂರಬೇಕು?" ಕೇಳಿದವನು ನಮ್ಮ ಪ್ರಕರಣದ ಹುಡುಗನೇ.

ಒಂದೇ ದಿನದ ಭಾಷಣದಿಂದ ನಡವಳಿಕೆ ಬದಲಾಗುವುದಿಲ್ಲ ಎನ್ನುವುದು ಬರೀ ನಮ್ಮ ಅನಿಸಿಕೆಯಲ್ಲ. ಲೈಂಗಿಕ ಹಿಂಸೆ ತಡೆಯುವ ಕಾರ್ಯಕ್ರಮಗಳ 140 ಮೌಲ್ಯಮಾಪನಗಳನ್ನು ಒಟ್ಟಿಗೆ ಪರಿಶೀಲಿಸಿದ ಅಮೆರಿಕದ ಸಂಶೋಧಕರ ವಿಮರ್ಶೆ 2014ರಲ್ಲಿ ಪ್ರಕಟವಾಯಿತು. ಕಾಲೇಜುಗಳಲ್ಲಿ ತುಂಬ ಬಳಕೆಯಲ್ಲಿರುವ ಒಂದು ಸಲದ ಚಿಕ್ಕ ತರಗತಿಗಳಿಂದ ನಡವಳಿಕೆಯಲ್ಲಿ ನಿಲ್ಲುವಂಥ ಬದಲಾವಣೆ ಬಂದ ಪುರಾವೆ ಅದರಲ್ಲಿ ಸಿಗಲಿಲ್ಲ. ಇದಕ್ಕೆ ಎದುರಾಗಿ ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿನಿಯರಿಗೆ ಮೂರು ಗಂಟೆಯ ನಾಲ್ಕು ಪಾಠ ಮಾಡಿದರು. ಒಂದು ವರ್ಷದ ನಂತರ ನೋಡಿದಾಗ, ಪಾಠ ಪಡೆದವರಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ 5.2% ಇತ್ತು. ಬರೀ ಕರಪತ್ರ ಪಡೆದವರಲ್ಲಿ ಅದು 9.8%.

ಆ ಪಾಠದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಂದು ಅಂಶ. ಅಪಾಯ ಗುರುತಿಸುವುದನ್ನು ಕಲಿಸಿ ಅವರು ಅಲ್ಲಿಗೇ ನಿಲ್ಲಿಸಿರಲಿಲ್ಲ. ಅಪಾಯ ಪರಿಚಯದವರಿಂದ ಬಂದಾಗ ಅದನ್ನು ಒಪ್ಪಿಕೊಳ್ಳಲು ಮನಸ್ಸು ಯಾಕೆ ಹಿಂಜರಿಯುತ್ತದೆ ಎನ್ನುವುದರ ಮೇಲೆ ಜಾಸ್ತಿ ಹೊತ್ತು ಕಳೆದಿದ್ದರು. ಕಳ್ಳಸಾಗಣೆಯ ಪಾಠಕ್ಕೂ ಬೇಕಾದದ್ದು ಇದೇ ಎಂದು ನಮಗೆ ಅನ್ನಿಸಿತು. ವಾರಕ್ಕೊಂದರಂತೆ ನಾಲ್ಕು ದೀರ್ಘ ತರಗತಿ ಹೊಂದಿಸಿದೆವು.

ವ್ಯಾಖ್ಯೆಯಿಂದ ಶುರು

2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, ಕಳ್ಳಸಾಗಣೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದವಾದ ಪಲೆರ್ಮೊ ಪ್ರೋಟೋಕಾಲ್‌ನಲ್ಲಿ ಕಳ್ಳಸಾಗಣೆಯ ವ್ಯಾಖ್ಯೆಗೆ ಮೂರು ಭಾಗ. ಮೊದಲನೆಯದು ಕೃತ್ಯ: ಒಬ್ಬರನ್ನು ಕೆಲಸಕ್ಕೆ ಸೇರಿಸುವುದು, ಸಾಗಿಸುವುದು, ಇರಿಸಿಕೊಳ್ಳುವುದು. ಎರಡನೆಯದು ವಿಧಾನ: ಬಲವಂತ, ಅಪಹರಣ, ಬೆದರಿಕೆ, ಮೋಸ, ಅಸಹಾಯಕತೆಯ ದುರುಪಯೋಗ. ಮೂರನೆಯದು ಉದ್ದೇಶ: ಶೋಷಣೆ. ಮೋಸದಿಂದ ಪಡೆದ ಒಪ್ಪಿಗೆಗೆ ಬೆಲೆ ಇಲ್ಲ. 18 ತುಂಬದವರ ವಿಷಯದಲ್ಲಿ ವಿಧಾನವನ್ನು ಸಾಬೀತು ಮಾಡಬೇಕಾದ ಅಗತ್ಯವೂ ಇಲ್ಲ.

ಇದನ್ನು ಬೋರ್ಡಿನ ಮೇಲೆ ಬರೆದು ಮೇಡಂ ಕೇಳಿದರು: "ಇದರಲ್ಲಿ ಕಿಡ್ನ್ಯಾಪ್ ಎಲ್ಲಿದೆ ತೋರಿಸಿ." ಬಲವಂತ, ಅಪಹರಣ ಎನ್ನುವ ಎರಡು ಪದಗಳಿಗೆ ಬೆರಳು ಹೋಯಿತು. ಉಳಿದದ್ದೆಲ್ಲ ಮಾತಿನಲ್ಲೇ ನಡೆಯುವ ಕೆಲಸ. ಟಿಕೆಟ್ ತೆಗೆದು, ಮನೆಯವರಿಗೆ ಟಾಟಾ ಮಾಡಿ, ತಾವೇ ವಿಮಾನ ಹತ್ತುವವರೂ ಈ ವ್ಯಾಖ್ಯೆಯೊಳಗೆ ಬರುತ್ತಾರೆ. ಗಡಿ ದಾಟಲೇಬೇಕೆಂದೂ ಇಲ್ಲ.

ಮುಂದಿನ ವಾರದ ಪಾಠ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಗುರುತಿಸಿರುವ ಬಲವಂತದ ದುಡಿಮೆಯ 11 ಸೂಚಕಗಳ ಬಗ್ಗೆ. ಗುರುತಿನ ದಾಖಲೆ ಕಿತ್ತಿಟ್ಟುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಸಾಲದಲ್ಲಿ ಸಿಲುಕಿಸುವುದು, ಹೊರಗಿನವರ ಸಂಪರ್ಕ ತಪ್ಪಿಸುವುದು, ಓಡಾಡಲು ಬಿಡದಿರುವುದು, ಹೀಗೆ. ಅದೇ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಯಾವುದೇ ಒಂದು ದಿನ ನೋಡಿದರೂ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ಆದರೆ ಇಂಥ ದೊಡ್ಡ ಅಂಕಿಗಳನ್ನು ವಿದ್ಯಾರ್ಥಿಗಳು ಬರೆದುಕೊಂಡು ಮರೆಯುತ್ತಾರೆ. ಹಾಗಾಗಿ ಅಂಕಿಯನ್ನು ಒಮ್ಮೆ ಹೇಳಿ ಬಿಟ್ಟೆವು.

ಅಂದು ಒಬ್ಬ ವಿದ್ಯಾರ್ಥಿನಿ ಸೂಚಕಗಳ ಪಟ್ಟಿ ನೋಡಿ ಹೇಳಿದ ಮಾತು ಪಾಠದ ದಿಕ್ಕನ್ನೇ ಬದಲಿಸಿತು. "ಫೋನ್ ಚೆಕ್ ಮಾಡೋದು, ದುಡ್ಡು ಕೈಗೆ ಕೊಡದೇ ಇರೋದು, ಯಾರ ಹತ್ರನೂ ಮಾತಾಡೋಕೆ ಬಿಡದೇ ಇರೋದು. ಇದು ಕಂಪನಿಯಲ್ಲೇ ಆಗಬೇಕಾ ಮೇಡಂ? ಮನೆಯಲ್ಲೂ ಆಗುತ್ತಲ್ಲ." ಅವಳು ಹೇಳಿದ್ದು ಸರಿ. 1957ರಲ್ಲಿ ಆಲ್ಬರ್ಟ್ ಬಿಡರ್‌ಮನ್ ಎಂಬ ಅಮೆರಿಕದ ಸಮಾಜ ವಿಜ್ಞಾನಿ ಕೊರಿಯಾ ಯುದ್ಧದಲ್ಲಿ ಸೆರೆ ಸಿಕ್ಕ ಸೈನಿಕರನ್ನು ಬಗ್ಗಿಸಲು ಬಳಸಿದ ವಿಧಾನಗಳ ಪಟ್ಟಿ ಮಾಡಿದ್ದರು. ಒಂಟಿಯಾಗಿಸುವುದು, ದಣಿಸುವುದು, ಬೆದರಿಸುವುದು, ಅವಮಾನಿಸುವುದು, ಸುಮ್ನೆ ಅರ್ಥವಿಲ್ಲದ ನಿಯಮ ಹೇರುವುದು, ಮಧ್ಯೆ ಮಧ್ಯೆ ಸಣ್ಣ ದಯೆ ತೋರಿಸುವುದು. ಮುಂದೆ ಮನೆಯೊಳಗಿನ ಹಿಂಸೆಯ ಬಗ್ಗೆ ಕೆಲಸ ಮಾಡುವವರಿಗೂ, ಕಳ್ಳಸಾಗಣೆಯ ಸಂತ್ರಸ್ತರ ಜೊತೆ ಕೆಲಸ ಮಾಡುವವರಿಗೂ ಅದೇ ಪಟ್ಟಿ ಉಪಯೋಗಕ್ಕೆ ಬಂತು.

ವಿದ್ಯಾರ್ಥಿಗಳು ಹೆಚ್ಚು ಹೊತ್ತು ಚರ್ಚಿಸಿದ್ದು ಕೊನೆಯ ಅಂಶವನ್ನು, ಅಂದರೆ ಸಣ್ಣ ದಯೆಯನ್ನು. ಹೊಡೆಯುವವನು ಒಮ್ಮೆ ಐಸ್‌ಕ್ರೀಮ್ ಕೊಡಿಸಿದರೆ ಆ ದಿನ ಅವನು ಒಳ್ಳೆಯವನಾಗುತ್ತಾನೆ. ಬಿಟ್ಟು ಹೋಗುವ ಯೋಚನೆ ಮುಂದಕ್ಕೆ ಹೋಗುತ್ತದೆ. ಹಿಂಸೆ ಮತ್ತು ಕಳ್ಳಸಾಗಣೆಯನ್ನು ಒಂದೇ ಪಾಠದಲ್ಲಿ ಇಡಬೇಕು ಎಂದು ನಾನು ವಾದಿಸುವುದು ಇದಕ್ಕೇ. ಒಬ್ಬರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ರೀತಿ ಎರಡರಲ್ಲೂ ಒಂದೇ.

ಆಫರ್

ಮೂರನೇ ತರಗತಿಗೆ ಎಲ್ಲರೂ ತಮ್ಮ ಫೋನಿಗೆ ಬಂದ ಕೆಲಸದ ಮೆಸೇಜುಗಳನ್ನು, ಹೆಸರು ಅಳಿಸಿ, ತರಬೇಕಿತ್ತು. ಮೆಸೇಜುಗಳ ರಾಶಿಯೇ ಬಂತು. ಮೇಡಂ ಬೋರ್ಡಿನ ಮೇಲೆ ಕೆಲವೇ ಪ್ರಶ್ನೆ ಬರೆದರು. ಕೆಲಸ ನಡೆಯುವ ಜಾಗದ ಪೂರ್ತಿ ವಿಳಾಸ ಏನು? ಯಾವ ವೀಸಾ? ಪ್ರಯಾಣದ ಖರ್ಚು ಯಾರದು, ಅದು ಆಮೇಲೆ ಸಂಬಳದಲ್ಲಿ ಕಡಿತವಾಗುತ್ತಾ? ಇಷ್ಟವಾಗದಿದ್ದರೆ ಬಿಟ್ಟು ಬರುವುದು ಹೇಗೆ? ಗುಂಪು ಗುಂಪಾಗಿ ಕೂತು ಪ್ರತಿ ಮೆಸೇಜಿಗೂ ಈ ಪ್ರಶ್ನೆ ಹಾಕಿದರು. ಎಷ್ಟೋ ಮೆಸೇಜುಗಳಲ್ಲಿ ಮೊದಲ ಪ್ರಶ್ನೆಗೇ ಉತ್ತರ ಇರಲಿಲ್ಲ.

ಹುಡುಗ ಏನನ್ನೂ ತಂದಿರಲಿಲ್ಲ. ತನ್ನ ಆಫರ್ ಈ ಸಾಲಿಗೆ ಸೇರಿದ್ದು ಎಂದು ಅವನಿಗೆ ಅನ್ನಿಸಿರಲಿಲ್ಲ, ಅಷ್ಟೇ. ಅದು ಗೊತ್ತಿಲ್ಲದ ನಂಬರಿನಿಂದ ಬಂದದ್ದಲ್ಲ. ಅದೇ ಕಾಲೇಜಿನಲ್ಲಿ ಓದಿ ಹೋದ ಸೀನಿಯರ್ ಕೊಡಿಸಿದ್ದು. ಹುಡುಗ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದ. ಮೊದಲ ವರ್ಷದಲ್ಲಿ ನೋಟ್ಸ್ ಕೊಟ್ಟವನು, ಒಮ್ಮೆ ಪರೀಕ್ಷಾ ಶುಲ್ಕಕ್ಕೆ ದುಡ್ಡು ಸಾಲದಾದಾಗ ಕೈಯಿಂದ ಹಾಕಿದವನು. ಆ ನಂಬಿಕೆಗೆ ಗಟ್ಟಿ ಕಾರಣವಿತ್ತು. ಹುಡುಗನನ್ನು ದಡ್ಡ ಎಂದೋ ಆಸೆಬುರುಕ ಎಂದೋ ಬದಿಗಿಡುವವರು ಇದನ್ನು ಮರೆಯಬಾರದು.

ಆಫರ್ ಹೀಗಿತ್ತು. ಕಸ್ಟಮರ್ ಚಾಟ್ ಮತ್ತು ಡೇಟಾ ಎಂಟ್ರಿ. ಟೈಪಿಂಗ್ ಪರೀಕ್ಷೆ, ಹತ್ತು ನಿಮಿಷದ ಇಂಗ್ಲಿಷ್ ಮಾತುಕತೆ, ಅಲ್ಲಿಗೆ ಇಂಟರ್‌ವ್ಯೂ ಮುಗಿಯಿತು. ಹೊಸಬನಿಗೆ ಸಿಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಂಬಳ. ಊಟ, ವಸತಿ ಕಂಪನಿಯದೇ. ಈಗ ಟೂರಿಸ್ಟ್ ವೀಸಾದಲ್ಲಿ ಬರಬೇಕು, ಬಂದ ಮೇಲೆ ಬದಲಿಸಿಕೊಡುತ್ತಾರೆ. ಟಿಕೆಟ್ ಕಂಪನಿ ತೆಗೆಯುತ್ತದೆ, ಮೊದಲ ಕೆಲವು ತಿಂಗಳ ಸಂಬಳದಲ್ಲಿ ಹಿಡಿದುಕೊಳ್ಳುತ್ತದೆ. ಒಂದು ದೊಡ್ಡ ನಗರದಲ್ಲಿ ಇಳಿದರೆ ಗಾಡಿ ಬಂದು ಕರೆದುಕೊಂಡು ಹೋಗುತ್ತದೆ. ಸೀಟು ಕಡಿಮೆ, ಹಾಗಾಗಿ ಬೇರೆಯವರಿಗೆ ಹೇಳಬೇಡ.

ಈಗ ಓದುವಾಗ ಪ್ರತಿ ಸಾಲೂ ಕಣ್ಣಿಗೆ ಚುಚ್ಚುತ್ತದೆ. ಆದರೆ ಹುಡುಗನಿಗೆ ಇದು ಒಂದೇ ಏಟಿಗೆ ಬಂದದ್ದಲ್ಲ. ವಾರಗಟ್ಟಲೆ, ಕುಶಲೋಪರಿಯ ನಡುವೆ ಚೂರು ಚೂರಾಗಿ ಬಂತು. ಪ್ರತಿ ಅನುಮಾನಕ್ಕೂ ಉತ್ತರ ಮೊದಲೇ ತಯಾರಿತ್ತು. ಟೂರಿಸ್ಟ್ ವೀಸಾ ಯಾಕೆ? ಬೇಗ ಸಿಗುತ್ತೆ ಅಂತ. ಊರಿನ ಹೆಸರು ಯಾಕಿಲ್ಲ? ಆಫೀಸು ಹೊಸ ಜಾಗಕ್ಕೆ ಹೋಗುತ್ತಿದೆ ಅಂತ. ಮನೆಯ ಮೇಲೆ ಸಾಲ ಇತ್ತು. ಕ್ಯಾಂಪಸ್ ಆಯ್ಕೆಯಲ್ಲಿ ಅವನಿಗೆ ಏನೂ ಸಿಕ್ಕಿರಲಿಲ್ಲ.

ಗೆಳತಿಯ ಎರಡು ಪ್ರಯತ್ನ

ಗೆಳತಿಗೆ ಮಾತ್ರ ಆಫರಿನ ವಿಷಯ ಗೊತ್ತಿತ್ತು. ಬೋರ್ಡಿನ ಮೇಲಿನ ಪ್ರಶ್ನೆ ನೋಡಿದ ಕೂಡಲೇ ಅವಳಿಗೆ ಹೊಳೆಯಿತು. ತರಗತಿ ಮುಗಿದ ಮೇಲೆ ಕಾರಿಡಾರಿನಲ್ಲಿ, ನಾಲ್ಕು ಜನರೆದುರು, ನೇರವಾಗಿ ಹೇಳಿದಳು: "ನಿಂದು ಫ್ರಾಡ್ ಕೆಲಸ ಕಣೋ. ಹೋಗಬೇಡ." ಹುಡುಗ ಸಿಟ್ಟಾದ. ಸೀನಿಯರ್ ಅಣ್ಣನನ್ನು ಕಳ್ಳ ಅನ್ನುತ್ತೀಯಾ ಎಂದು ಜಗಳವಾಡಿ ಮಾತು ಬಿಟ್ಟ. ಹೊರಡುವ ದಿನ ಯಾವುದು ಎನ್ನುವುದನ್ನೂ ಆಮೇಲೆ ಅವಳಿಗೆ ಹೇಳಲಿಲ್ಲ.

ಪಕ್ಕದಲ್ಲಿದ್ದವರು ಮಧ್ಯೆ ಬರುವುದನ್ನು ಕಲಿಸುವ ಪಾಠಗಳು ಸಾಮಾನ್ಯವಾಗಿ ಮನೋವಿಜ್ಞಾನಿಗಳಾದ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ 1960ರ ದಶಕದ ಕೊನೆಯಲ್ಲಿ ಮಾಡಿದ ಪ್ರಯೋಗಗಳಿಂದ ಶುರುವಾಗುತ್ತವೆ. ಅವರು ಹೇಳಿದ್ದು ಐದು ಹಂತ. ಗಮನಿಸಬೇಕು, ಇದು ಅಪಾಯ ಎಂದು ಅರ್ಥ ಮಾಡಿಕೊಳ್ಳಬೇಕು, ನನ್ನ ಜವಾಬ್ದಾರಿ ಎಂದುಕೊಳ್ಳಬೇಕು, ಏನು ಮಾಡಬೇಕೆಂದು ಗೊತ್ತಿರಬೇಕು, ಆಮೇಲೆ ಮಾಡಬೇಕು. ಗೆಳತಿ ಮೊದಲ ಮೂರು ಹಂತವನ್ನು ಒಂದೇ ಉಸಿರಿಗೆ ದಾಟಿದಳು. ಎಡವಿದ್ದು ನಾಲ್ಕನೆಯದರಲ್ಲಿ. ಬಸ್ಸಿನಲ್ಲಿ ಯಾರನ್ನೋ ಕಾಡುವವನನ್ನು ನೇರವಾಗಿ ತಡೆದರೆ ಕೆಲಸ ಆಗಬಹುದು. ನಂಬಿಕೆಯ ಬಲೆಯಲ್ಲಿ ಇರುವವನಿಗೆ ನೇರ ಮಾತು ಅವಮಾನದಂತೆ ಕೇಳುತ್ತದೆ. ಅವನು ಸಂಪರ್ಕ ಕಡಿದುಕೊಳ್ಳುತ್ತಾನೆ. ಅಂದರೆ ಬಲೆ ಬೀಸಿದವರಿಗೆ ಬೇಕಾದ ಒಂಟಿತನವನ್ನು ಗೆಳೆಯರೇ ಒದಗಿಸಿದಂತಾಗುತ್ತದೆ.

ಅವಳು ಮೇಡಂ ಹತ್ತಿರ ಬಂದಳು. ಯಾರಿಗೂ ಹೇಳಬೇಡಿ ಎಂದಳು. ಮೇಡಂ ಆ ಮಾತು ಕೊಡಲಿಲ್ಲ. "ಯಾರ ಜೀವಕ್ಕಾದರೂ ಅಪಾಯ ಇದ್ದರೆ ನಾನು ಬೇರೆಯವರ ಸಹಾಯ ಕೇಳಬೇಕಾಗುತ್ತೆ, ಆದರೆ ನಿನಗೆ ಹೇಳಿಯೇ ಕೇಳ್ತೀನಿ" ಎಂದರು. ಮೊದಲೇ ಗುಟ್ಟಿನ ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ ಇದು ಎಷ್ಟೋ ವಾಸಿ.

ಮೇಡಂ ಮಾಡದೆ ಬಿಟ್ಟ ಕೆಲಸಗಳೂ ಮುಖ್ಯ. ಹುಡುಗನನ್ನು ಎಲ್ಲರೆದುರು ಕರೆದು ವಿಚಾರಿಸಲಿಲ್ಲ. ಅವನು ವಯಸ್ಕ ಎಂಬ ಕಾರಣಕ್ಕೆ, ಅವನಿಗೆ ಹೇಳದೆ ಮನೆಗೆ ಫೋನ್ ಮಾಡಲಿಲ್ಲ. ಸೀನಿಯರ್‌ಗೋ ಆ ಕಂಪನಿಗೋ ತಾವೇ ಮೆಸೇಜ್ ಹಾಕಿ ಪತ್ತೇದಾರಿಕೆ ಮಾಡಲಿಲ್ಲ. ಇದು ತುಂಬ ಜನ ಮೇಷ್ಟರು ಮಾಡುವ ಕೆಲಸ. ಆ ಕಡೆಯವರು ಎಚ್ಚೆತ್ತು ಹೊರಡುವ ದಿನವನ್ನು ಇನ್ನೂ ಬೇಗಕ್ಕೆ ತಂದರೆ ಹುಡುಗ ಮರುದಿನವೇ ಹೊರಟುಬಿಡಬಹುದು. ಕಾಲೇಜಿನ ಆಪ್ತ ಸಮಾಲೋಚಕರ ಜೊತೆ ಮಾತಾಡಿ, ಗೆಳತಿಗೆ ಎರಡನೇ ಪ್ರಯತ್ನಕ್ಕೆ ದಾರಿ ಹೇಳಿಕೊಟ್ಟರು.

ಈ ಸಲ ಅವಳು ಹೋಗಬೇಡ ಎನ್ನಲಿಲ್ಲ. ಮೊದಲು ಕ್ಷಮೆ ಕೇಳಿದಳು. ಆಮೇಲೆ, "ನೀನು ಹೋಗೋದಾದ್ರೆ ಸರಿಯಾಗಿ ಹೋಗು. ಅಣ್ಣನ್ನ ಮೂರೇ ಮೂರು ವಿಷಯ ಕೇಳು, ನನಗೆ ಸಮಾಧಾನ ಆಗುತ್ತೆ" ಎಂದಳು. ನಿಮ್ಮ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇದೆಯಾ? ಒಂದು ವಾರ ರಜೆ ಹಾಕಿ ಮನೆಗೆ ಬಂದು ಹೋಗಬಹುದಾ? ಆಫೀಸಿನ ಹೊರಗೆ ಬಂದು, ರಸ್ತೆಯಲ್ಲಿ ನಿಂತು ವಿಡಿಯೋ ಕಾಲ್ ಮಾಡ್ತೀರಾ?

ಈ ಪ್ರಶ್ನೆಗಳಲ್ಲಿ ಯಾರ ಮೇಲೂ ಆರೋಪ ಇರಲಿಲ್ಲ. ಒಳ್ಳೆಯ ಕೆಲಸದಲ್ಲಿ ಇರುವವನಿಗೆ ಉತ್ತರಿಸಲು ಅರ್ಧ ನಿಮಿಷ ಸಾಕು. ಹುಡುಗ ಒಪ್ಪಿದ. ಸೀನಿಯರ್ ಪ್ರತಿ ಪ್ರಶ್ನೆ ಕೇಳಿದ ಮೇಲೂ ಮೈಕ್ ಮ್ಯೂಟ್ ಮಾಡಿ, ಆಮೇಲೆ ಉತ್ತರ ಹೇಳಿದನಂತೆ. ಪಾಸ್‌ಪೋರ್ಟ್ ಆಫೀಸಿನಲ್ಲಿ ಭದ್ರವಾಗಿದೆ. ಕಾಂಟ್ರಾಕ್ಟ್ ಮುಗಿಯದೆ ಬಂದರೆ ದುಡ್ಡು ಕಟ್ಟಬೇಕು. ಹೊರಗೆ ನೆಟ್‌ವರ್ಕ್ ಚೆನ್ನಾಗಿಲ್ಲ.

ಬೆದರಿಕೆ

ಇಷ್ಟಾದರೂ ಹುಡುಗ ಒಮ್ಮೆಗೇ ಮನಸ್ಸು ಬದಲಿಸಲಿಲ್ಲ. ಎಂಥ ಒಳ್ಳೆಯ ಪಾಠವೂ ಸಾಲವನ್ನು ತೀರಿಸುವುದಿಲ್ಲ. ಅವನು ಒಂದು ಷರತ್ತು ಹಾಕಿದ. ಹೊರಡುವ ಮೊದಲೇ ಕೆಲಸದ ವೀಸಾ, ಸಹಿ ಮಾಡಿದ ಕರಾರು, ಕಚೇರಿಯ ವಿಳಾಸ ಬೇಕು. ಕಂಪನಿ ಹೆಸರಿನಲ್ಲಿ ಮಾತಾಡುತ್ತಿದ್ದವರು ಮೊದಲು ನಿನ್ನ ಸೀಟು ಬೇರೆಯವರಿಗೆ ಹೋಯಿತು ಎಂದರು. ಮಾರನೇ ದಿನ ಸಂಬಳ ಹೆಚ್ಚಿಸುತ್ತೇವೆ ಎಂದರು. ಅದಕ್ಕೂ ಒಪ್ಪದಿದ್ದಾಗ ಟಿಕೆಟ್ ಹಣ ವಾಪಸ್ ಕಟ್ಟು, ನಿನ್ನ ಪಾಸ್‌ಪೋರ್ಟ್ ಪ್ರತಿ ನಮ್ಮ ಹತ್ತಿರ ಇದೆ, ಮನೆಯ ವಿಳಾಸವೂ ಗೊತ್ತು ಎಂದರು.

ತರಗತಿಯ ಪಾಠ ಅರ್ಧ ಮಾಡಿದ್ದ ಕೆಲಸವನ್ನು ಆ ಬೆದರಿಕೆ ಪೂರ್ತಿ ಮಾಡಿತು. ಅವನು ಅಂದೇ ಸ್ಕ್ರೀನ್‌ಶಾಟುಗಳನ್ನು ತಂದು ಮೇಡಂಗೆ ತೋರಿಸಿದ. ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಸಮಾಲೋಚಕರ ಜೊತೆ ಹೋಗಿ ಪೊಲೀಸರಿಗೆ ದೂರು ಕೊಟ್ಟ. ಮನೆಯವರಿಗೂ ತಾನೇ ಹೇಳಿದ. ಅದೇ ಸೀನಿಯರ್‌ನಿಂದ ಬೇರೆ ವಿಭಾಗದ ಇನ್ನೂ ಕೆಲವರಿಗೆ ಇದೇ ಮೆಸೇಜು ಬಂದಿತ್ತು ಎಂದು ಆಮೇಲೆ ತಿಳಿಯಿತು. ಅವರಲ್ಲೊಬ್ಬ ಪಾಸ್‌ಪೋರ್ಟ್ ಪ್ರತಿ ಕಳಿಸಿ, ಟಿಕೆಟ್‌ಗಾಗಿ ಕಾಯುತ್ತಿದ್ದ.

ಸೀನಿಯರ್ ಯಾರು?

ನಾಲ್ಕನೇ ತರಗತಿಗೆ ನಾವು ಬೇರೆ ಪಾಠ ಯೋಜಿಸಿದ್ದೆವು. ನಡೆದದ್ದು ಜಗಳ. ಹುಡುಗನ ಒಪ್ಪಿಗೆ ಪಡೆದು, ಹೆಸರು ತೆಗೆದು ವಿಷಯ ಮುಂದಿಟ್ಟಾಗ ತರಗತಿ ಎರಡು ಪಾಲಾಯಿತು. ತಮ್ಮಂತೆ ನೋಡಿಕೊಂಡವನನ್ನೇ ಮಾರಲು ಹೊರಟವನಿಗೆ ಜೈಲೇ ಸರಿ ಎಂದಿತು ಒಂದು ಪಾಲು. ಅವನೂ ಸಿಕ್ಕಿಬಿದ್ದವನೇ, ಮೈಕ್ ಮ್ಯೂಟ್ ಮಾಡಿಸುತ್ತಿದ್ದವರು ಪಕ್ಕದಲ್ಲಿದ್ದರಲ್ಲ ಎಂದಿತು ಇನ್ನೊಂದು.

ಇಲ್ಲಿ ಕೆಲವು ಸಂಗತಿಗಳನ್ನು ಮುಂದಿಟ್ಟೆವು. ಆಗ್ನೇಯ ಏಷ್ಯಾದ ಆನ್‌ಲೈನ್ ವಂಚನೆ ಕೇಂದ್ರಗಳ, ಅಂದರೆ ಕೆಲಸದ ಹೆಸರಲ್ಲಿ ಕರೆಸಿಕೊಂಡವರಿಂದ ಆನ್‌ಲೈನಿನಲ್ಲಿ ಜನರಿಗೆ ಮೋಸ ಮಾಡಿಸುವ ಜಾಗಗಳ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಜನ, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಇಂಥ ಕಡೆ ಬಲವಂತಕ್ಕೆ ಸಿಕ್ಕಿ ವಂಚನೆಯ ಕೆಲಸ ಮಾಡುತ್ತಿರಬಹುದು ಎನ್ನುವುದು ಅದರ ಅಂದಾಜು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಗಂಡಸರು. ಎಷ್ಟೋ ಜನ ಚೆನ್ನಾಗಿ ಓದಿದವರು, ಕಂಪ್ಯೂಟರ್ ಗೊತ್ತಿರುವವರು, ಹಲವು ಭಾಷೆ ಬಲ್ಲವರು. ಹಿಂದಿನ ಬೆಂಚಿನ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಬೇಕಿರಲಿಲ್ಲ. ಜಗತ್ತಿನಲ್ಲಿ ಪತ್ತೆಯಾದ ಕಳ್ಳಸಾಗಣೆ ಸಂತ್ರಸ್ತರಲ್ಲಿ ಬಲವಂತವಾಗಿ ಅಪರಾಧಕ್ಕೆ ದೂಡಲ್ಪಟ್ಟವರ ಪಾಲು 2016ರಲ್ಲಿ 1% ಇದ್ದದ್ದು 2022ಕ್ಕೆ 8% ಆಯಿತು ಎಂದು ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ ಹೇಳುತ್ತದೆ.

ಇಂಥ ಕಡೆ ಸಿಕ್ಕಿಬಿದ್ದವರಿಂದಲೇ ಹೊಸಬರನ್ನು ಕರೆಸುವುದು ಹೊಸ ವಿದ್ಯೆಯೇನಲ್ಲ. ಕರೆಸಿದರೆ ಸಾಲ ಕಡಿಮೆ ಆಗುತ್ತದೆ, ಹೊಡೆತ ತಪ್ಪುತ್ತದೆ, ಬಿಟ್ಟು ಕಳಿಸುತ್ತೇವೆ ಎಂದು ಆಸೆ ತೋರಿಸುತ್ತಾರೆ. 2002ರಲ್ಲಿ ವಿಶ್ವಸಂಸ್ಥೆ ಕೊಟ್ಟ ಮಾರ್ಗಸೂತ್ರವೊಂದರ ಪ್ರಕಾರ, ಕಳ್ಳಸಾಗಣೆಗೆ ಸಿಕ್ಕ ಕಾರಣದಿಂದಲೇ ನೇರವಾಗಿ ಮಾಡಬೇಕಾಗಿ ಬಂದ ತಪ್ಪಿಗೆ ಸಂತ್ರಸ್ತರನ್ನು ಬಂಧಿಸಬಾರದು, ಮೊಕದ್ದಮೆ ಹಾಕಬಾರದು. ಆ ಗೆರೆ ಎಲ್ಲಿ ಮುಗಿಯುತ್ತದೆ, ಸ್ವಂತ ಲಾಭದ ಆಸೆ ಎಲ್ಲಿ ಶುರುವಾಗುತ್ತದೆ ಎಂದು ತರಗತಿಯಲ್ಲಿ ಕೂತು ತೀರ್ಮಾನಿಸಲು ಆಗುವುದಿಲ್ಲ. ಮೇಡಂ ತೀರ್ಮಾನ ಕೊಡಲೂ ಇಲ್ಲ. ಹುಡುಗನನ್ನು ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಅಣ್ಣನ ಮನೆಯವರಿಗೆ ಮೊದಲು ಹೇಳಬೇಕು." ಸಮಾಲೋಚಕರ ಮೂಲಕ ಹೇಳಿದರು. ಮಗ ಒಳ್ಳೆಯ ಕೆಲಸದಲ್ಲಿದ್ದಾನೆ ಎಂದೇ ಅವರು ನಂಬಿದ್ದರು. ಅವರು ಪ್ರತ್ಯೇಕವಾಗಿ ದೂರು ಕೊಟ್ಟು ರಾಯಭಾರ ಕಚೇರಿಗೂ ಬರೆದಿದ್ದಾರೆ.

ಈಗ ಪಾಠ ಹೇಗಿದೆ

ಕಾಲೇಜಿನ ಪಾಠ ಈಗ ಜಾಗೃತಿ ದಿನದ ಕಾರ್ಯಕ್ರಮವಾಗಿ ಉಳಿದಿಲ್ಲ. ಕೆಲಸದ ಆಫರುಗಳ ಭಾಗವನ್ನು ಪ್ಲೇಸ್‌ಮೆಂಟ್ ತರಬೇತಿಯೊಳಗೇ ಸೇರಿಸಿದ್ದಾರೆ. ಬಯೋಡೇಟಾ ಬರೆಯುವುದು ಕಲಿಸುವ ವಾರದಲ್ಲೇ ಆಫರ್ ಪರೀಕ್ಷಿಸುವುದನ್ನೂ ಕಲಿಸುತ್ತಾರೆ. ಹಗ್ಗ ಕಟ್ಟಿದ ಕೈಗಳ ಸ್ಲೈಡು ತೆಗೆದುಹಾಕಿದ್ದಾರೆ. ಅದರ ಜಾಗದಲ್ಲಿ ಹುಡುಗನಿಗೆ ಬಂದ ಮೆಸೇಜುಗಳು ಬಂದಿವೆ, ಕುಶಲೋಪರಿ ಸಮೇತ. ಗೆಳತಿ ಎರಡು ಸಲ ಆಡಿದ ಮಾತುಗಳನ್ನು ಜೋಡಿಯಾಗಿ ಅಭಿನಯಿಸುವ ಅಭ್ಯಾಸವಿದೆ. ಮೊದಲನೆಯದನ್ನು ಎಲ್ಲರೂ ಜೋರಾಗಿ, ಚೆನ್ನಾಗಿ ಮಾಡುತ್ತಾರೆ. ಎರಡನೆಯದರಲ್ಲಿ ತಡವರಿಸುತ್ತಾರೆ. ಸಮಯವನ್ನೆಲ್ಲ ಅದಕ್ಕೇ ಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಪ್ಲೇಸ್‌ಮೆಂಟ್ ವಿಭಾಗದವರ ಒಂದು ಆಕ್ಷೇಪ ಹಾಗೇ ಉಳಿದಿದೆ. ಪ್ರತಿ ಆಫರಿಗೂ ಇಷ್ಟು ಪ್ರಶ್ನೆ ಕೇಳಿದರೆ ಸಣ್ಣ ಪುಟ್ಟ ಕಂಪನಿಗಳು ನಮ್ಮ ಕ್ಯಾಂಪಸ್ಸಿಗೆ ಬರುವುದನ್ನೇ ಬಿಡುತ್ತವೆ, ಆಗ ಕೆಲಸವಿಲ್ಲದ ಹುಡುಗರು ಇನ್ನಷ್ಟು ಬೇಗ ಇಂಥ ಮೆಸೇಜುಗಳಿಗೆ ಬೀಳುತ್ತಾರೆ ಎನ್ನುವುದು ಅವರ ವಾದ. ಅದನ್ನು ತಳ್ಳಿಹಾಕುವಂತಿಲ್ಲ. ಸದ್ಯಕ್ಕೆ ಪಾಸ್‌ಪೋರ್ಟ್, ವೀಸಾ, ವಿಳಾಸ, ಬಿಟ್ಟು ಬರುವ ಷರತ್ತು, ಈ ನಾಲ್ಕನ್ನು ವಿದೇಶದ ಆಫರುಗಳಿಗೆ ಮಾತ್ರ ಕಡ್ಡಾಯ ಮಾಡಿದ್ದಾರೆ. ದೇಶದೊಳಗಿನ ಆಫರುಗಳಿಗೂ ಬೇಕು ಎಂದು ಮೇಡಂ ಪತ್ರ ಕೊಟ್ಟಿದ್ದಾರೆ. ಮುಂದಿನ ಸೆಮಿಸ್ಟರಿನ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.